ಕಣ್ಣೀರು ಹರಿಯುವ ದಾರಿ

1991ರಲ್ಲಿ ಮದುವೆಯಾಗಿ ನಾನು ಡೊಂಬಿವಲಿಗೆ ಬಂದಾಗ ನಮ್ಮ ಅತ್ತೆಯ ಎಡಗಣ್ಣಿನಲ್ಲಿ ಸದಾ ನೀರಾಡುತ್ತಿತ್ತು. ಸೆರಗಿನ ತುದಿಯಿಂದ ಒರೆಸಿಕೊಳ್ಳುವುದು, ಐದು ನಿಮಿಷ ಕಳೆದು ಮತ್ತೆ ಒರೆಸಿಕೊಳ್ಳುವುದು. ಚಾಳಿನ ಹೆಂಗಸರು, "ಸೊಸೆ ಬಂದು ತಿಂಗಳಾಗಿಲ್ಲ, ಆಗಲೇ ಅತ್ತೆ ಕಣ್ಣೀರಿಡುವಂತಾಯಿತು" ಎಂದು ನಳ್ಳಿಯ ಹತ್ತಿರ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಒಂದು ದಿನ ಧೈರ್ಯ ಮಾಡಿ, "ಅತ್ತೆ, ನನ್ನಿಂದ ಏನಾದರೂ ತಪ್ಪಾಯಿತೇ?" ಎಂದು ಕೇಳಿಯೇಬಿಟ್ಟೆ. ಕುಂದಾಪುರದ ಕಡೆಯ ಅವರು ನಕ್ಕುಬಿಟ್ಟರು. "ನಾ ಮರ್ಕುದಲ್ಲ ಹೆಣೆ, ಕಣ್ಣೇ ಮರ್ಕುದ್" ಎಂದರು. ನಾನು ಅಳುತ್ತಿಲ್ಲ ಮಗಳೇ, ಕಣ್ಣೇ ಅಳುತ್ತಿದೆ ಎಂದರ್ಥ.

ಯುವ ಮಿತ್ರರೇ, ಈ ಪುಟಗಳಲ್ಲಿ ಹಿರಿಯರು ನಿಮಗೆ ಹೇಳುವುದೆಲ್ಲ ಭಾಷೆ ಉಳಿಸಿ, ಊರು ಮರೆಯಬೇಡಿ ಎಂಬ ಮಾತೇ. ಈ ಸಲ ಅದನ್ನು ಬಿಟ್ಟು ನಿಮ್ಮ ಮುಖದ ಮೇಲಿರುವ ಎರಡು ಗೂಡುಗಳ ವಿಷಯ ಮಾತಾಡೋಣ. ನಾನು ಡಾಕ್ಟರಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಅಡುಗೆಮನೆ ನೋಡಿಕೊಂಡವಳು. ಆದರೆ ಅತ್ತೆಯ ಆ ಒಂದು ಕಣ್ಣು ನನ್ನನ್ನು ಎಷ್ಟೋ ಆಸ್ಪತ್ರೆಗಳ ಬೆಂಚಿನ ಮೇಲೆ ಕೂರಿಸಿತು, ಎಷ್ಟೋ ಪುಸ್ತಕಗಳನ್ನು ಓದಿಸಿತು. ಕೊನೆಗೆ ಒಂದು ರಾತ್ರಿ ನಮ್ಮ ಮನೆಯಲ್ಲಿ ಒಂದು ದೊಡ್ಡ ತೀರ್ಮಾನವನ್ನೂ ಮಾಡಿಸಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಗೂಡು. ಕನ್ನಡಿಯ ಮುಂದೆ ನಿಂತು ಹುಬ್ಬಿನ ಕೆಳಗೆ ಬೆರಳಿಟ್ಟು ಸುತ್ತಲೂ ಒತ್ತಿ ನೋಡಿ. ಬಳೆಯಂತೆ ಗಟ್ಟಿಯಾದ ಎಲುಬಿನ ಅಂಚು ಸಿಗುತ್ತದೆ. ಅದರ ಹಿಂದೆ ಕಣ್ಣಗೂಡು ಇದೆ. ಅದು ಬಟ್ಟಲಿನ ಆಕಾರದ್ದಲ್ಲ, ಮಲಗಿಸಿದ ಪೇರು ಹಣ್ಣಿನಂತೆ ಹಿಂದಕ್ಕೆ ಹೋಗುತ್ತಾ ಕಿರಿದಾಗುತ್ತದೆ. ಬಾಯಿಯ ಅಗಲ ಸುಮಾರು 4 ಸೆಂಟಿಮೀಟರು, ಆಳವೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಚಿಕ್ಕ ಗೂಡನ್ನು ಕಟ್ಟಲು ಏಳು ಎಲುಬುಗಳು ಸೇರಿವೆ. ಇದರೊಳಗೆ ಸುಮಾರು 30 ಮಿಲಿಲೀಟರ್ ಜಾಗ, ಅಂದರೆ ಎರಡು ದೊಡ್ಡ ಚಮಚೆಯಷ್ಟು. ಕಣ್ಣುಗುಡ್ಡೆ ಅದರಲ್ಲಿ ಕಾಲುಭಾಗವನ್ನೂ ತುಂಬುವುದಿಲ್ಲ. ಉಳಿದದ್ದೆಲ್ಲ ಮೆತ್ತನೆಯ ಕೊಬ್ಬು, ಕಣ್ಣನ್ನು ಅತ್ತಿತ್ತ ತಿರುಗಿಸುವ ಆರು ಸ್ನಾಯುಗಳು, ರೆಪ್ಪೆ ಎತ್ತುವ ಇನ್ನೊಂದು ಸ್ನಾಯು, ರಕ್ತನಾಳಗಳು ಮತ್ತು ನರಗಳು. ಗಾಜಿನ ಸಾಮಾನನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಊರಿಗೆ ಕಳಿಸುತ್ತೇವಲ್ಲ, ಹಾಗೆ.

ಗೂಡಿನ ಅಂಚು ಗಟ್ಟಿ, ಆದರೆ ಒಳಗಿನ ಗೋಡೆಗಳು ಬಹಳ ತೆಳು. ಮೂಗಿನ ಕಡೆಯ ಗೋಡೆಗೆ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರೇ 'ಲ್ಯಾಮಿನಾ ಪ್ಯಾಪಿರೇಸಿಯಾ', ಅಂದರೆ ಕಾಗದದ ಹಾಳೆ. ಕೆಳಗಿನ ನೆಲವೂ ತೆಳುವೇ, ಅದರ ಕೆಳಗೆ ಕೆನ್ನೆಯೊಳಗಿನ ಟೊಳ್ಳು ಇದೆ. ಕಟ್ಟಿದವನಿಗೆ ಬುದ್ಧಿ ಇರಲಿಲ್ಲವೇ ಎಂದು ನನಗೆ ಅನಿಸಿತ್ತು. ಇದ್ದೀತು ಎಂದು ಆಮೇಲೆ ತಿಳಿಯಿತು. ಸೊಸೈಟಿಯ ಕಾಂಪೌಂಡಿನಲ್ಲಿ ನೀವು ಆಡುವ ಟೆನ್ನಿಸ್ ಬಾಲ್ ಕ್ರಿಕೆಟ್ಟನ್ನೇ ನೋಡಿ. ಆ ಚೆಂಡು ಆರು ಸೆಂಟಿಮೀಟರಿಗಿಂತ ಹೆಚ್ಚು ಅಗಲ, ಆದ್ದರಿಂದ ಪೆಟ್ಟಿನ ಹೆಚ್ಚು ಭಾಗವನ್ನು ಎಲುಬಿನ ಅಂಚು ತಾಳಿಕೊಳ್ಳುತ್ತದೆ. ಹಾಗಿದ್ದೂ ಹೊಡೆತ ಜೋರಾಗಿದ್ದರೆ ಒಳಗಿನ ತೆಳು ನೆಲ ಬಿರುಕು ಬಿಟ್ಟು ಒತ್ತಡವನ್ನು ಕೆಳಗೆ ಬಿಟ್ಟುಕೊಡುತ್ತದೆ. ಎಷ್ಟೋ ಸಲ ನೆಲ ಒಡೆದು ಕಣ್ಣು ಉಳಿಯುತ್ತದೆ. ಆದರೆ ಬ್ಯಾಡ್ಮಿಂಟನ್ನಿನ ಶಟಲ್ ಕಾಕಿನ ಬಿರಡೆ ಎರಡೂವರೆ ಸೆಂಟಿಮೀಟರು ಮಾತ್ರ. ಅದಕ್ಕೆ ಅಂಚಿನ ಕಾವಲು ತಾಗುವುದಿಲ್ಲ, ನೇರವಾಗಿ ಕಣ್ಣಿಗೇ ಬರುತ್ತದೆ. ಹಗುರವಾದ ಆಟ ಎಂದು ಭ್ರಮಿಸಬೇಡಿ. ಕಣ್ಣಿಗೆ ಪೆಟ್ಟು ಬಿದ್ದ ಮೇಲೆ ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಜುಮ್ಮೆಂದರೆ, ಮೇಲಕ್ಕೆ ನೋಡಲು ಆಗದಿದ್ದರೆ ಐಸ್ ಇಟ್ಟು ಮಲಗುವುದಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಹೋಗುವ ದಾರಿಯಲ್ಲಿ ಮೂಗು ಜೋರಾಗಿ ಸೀನಬೇಡಿ. ಬಿರುಕಿನ ಮೂಲಕ ಗಾಳಿ ಕಣ್ಣಗೂಡಿಗೆ ನುಗ್ಗಬಹುದು.

ಗೂಡಿನೊಳಗಿನ ಕಣ್ಣುಗುಡ್ಡೆ ದೊಡ್ಡವರಲ್ಲಿ 24 ಮಿಲಿಮೀಟರು ಉದ್ದ, ಹುಟ್ಟಿದ ಮಗುವಿನಲ್ಲಿ 17ರ ಆಸುಪಾಸು. ಬಿಳಿಯ ಗಟ್ಟಿ ಹೊದಿಕೆ, ಅದರ ಮುಂಭಾಗದಲ್ಲಿ ಕಿಟಕಿಯಂತೆ ಪಾರದರ್ಶಕವಾದ ಕಾರ್ನಿಯಾ, ಅದರ ಹಿಂದೆ ಬಣ್ಣದ ಪರದೆ, ಪರದೆಯ ನಡುವೆ ಪಾಪೆ. ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಕ್ಷಮಿಸಿ. ಇಂಗ್ಲಿಷಿನ 'ಪ್ಯೂಪಿಲ್' ಎಂಬ ಮಾತು ಲ್ಯಾಟಿನ್ನಿನ 'ಪ್ಯೂಪಿಲ್ಲಾ'ದಿಂದ ಬಂದದ್ದು, ಹಾಗೆಂದರೆ ಪುಟ್ಟ ಗೊಂಬೆ. ನಮ್ಮ ಕನ್ನಡದಲ್ಲಿ 'ಪಾಪೆ' ಎಂದರೂ ಗೊಂಬೆಯೇ! ಇನ್ನೊಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದಾಗ ಅಲ್ಲಿ ನಮ್ಮದೇ ಪುಟ್ಟ ರೂಪ ಕಾಣುತ್ತದಲ್ಲ, ಅದನ್ನು ರೋಮಿನವರೂ ಕಂಡರು, ನಮ್ಮವರೂ ಕಂಡರು. ಇದನ್ನು ತಿಳಿದ ದಿನ ನಾನು ಓದಿದ ಬಿ.ಎ.ಗೆ ಬೆಲೆ ಬಂತು ಎನಿಸಿತು.

ಪಾಪೆಯ ಹಿಂದೆ ಮಸೂರ. ವಯಸ್ಸಾದಂತೆ ಮಂಜಾಗುವುದು ಇದೇ, ಪೊರೆ ಬಂತು ಎನ್ನುತ್ತೇವಲ್ಲ, ಅದು. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಡಾ. ಎಂ.ಸಿ. ಮೋದಿಯವರ ಹೆಸರು ನಿಮ್ಮ ಅಜ್ಜ ಅಜ್ಜಿಗೆ ಗೊತ್ತಿರುತ್ತದೆ, ಕೇಳಿ ನೋಡಿ. 1943ರಿಂದ ಊರೂರು ಸುತ್ತಿ, ಸಾಮೂಹಿಕ ಶಿಬಿರಗಳಲ್ಲಿ ಬಡವರ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿತ್ತು. 1993ರ ಹೊತ್ತಿಗೆ ಅವರ ಕೈಯಿಂದ ಆದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. ಅವರು 2005ರಲ್ಲಿ ತೀರಿಕೊಂಡರು. ಮಸೂರದ ಹಿಂದೆ ಪಾರದರ್ಶಕ ಲೋಳೆ, ಅದರ ಹಿಂದೆ ಬೆಳಕನ್ನು ಹಿಡಿಯುವ ರೆಟಿನಾ, ಅಲ್ಲಿಂದ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ನರ ಮಿದುಳಿಗೆ. ಇದನ್ನೆಲ್ಲ ನೀವು ಒಂಬತ್ತನೆಯ, ಹತ್ತನೆಯ ತರಗತಿಯಲ್ಲಿ ಚಿತ್ರ ಬರೆದು ಅಂಕ ಪಡೆದಿದ್ದೀರಿ. ಶಾಲೆಯ ಚಿತ್ರದಲ್ಲಿ ಇಲ್ಲದ್ದು ಕಣ್ಣೀರಿನ ದಾರಿ.

ಕಣ್ಣೀರು ಹುಟ್ಟುವುದು ಎಲ್ಲಿ? ನೀವು ಮೂಗಿನ ಹತ್ತಿರದ ಮೂಲೆಯನ್ನು ತೋರಿಸುತ್ತೀರಿ, ಎಲ್ಲರೂ ಅದನ್ನೇ ತೋರಿಸುತ್ತಾರೆ. ಅದು ನೀರು ಹೊರಹೋಗುವ ಜಾಗ. ಹುಟ್ಟುವುದು ಎದುರು ತುದಿಯಲ್ಲಿ, ಮೇಲಿನ ರೆಪ್ಪೆಯ ಹಿಂದೆ, ಕಿವಿಯ ಕಡೆಗೆ. ಗೂಡಿನ ಛಾವಣಿಯಲ್ಲಿ ಒಂದು ಸಣ್ಣ ಗುಳಿಯಿದೆ, ಅದರಲ್ಲಿ ಬಾದಾಮಿಯಷ್ಟು ದೊಡ್ಡ ಗ್ರಂಥಿ ಕೂತಿದೆ. ಅಲ್ಲಿಂದ ಇಳಿದ ನೀರನ್ನು ರೆಪ್ಪೆ ಪ್ರತಿ ಸಲ ಬಡಿದಾಗಲೂ ಕಣ್ಣಿನ ಮೇಲೆ ಸಾರಿಸುತ್ತದೆ. ಅಂಗಳಕ್ಕೆ ಸೆಗಣಿ ಸಾರಿಸಿದ ಹಾಗೆ ಎಂದರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಮಳೆಯಲ್ಲಿ ಬೆಸ್ಟ್ ಬಸ್ಸಿನ ವೈಪರ್ ನೆನಪಿಸಿಕೊಳ್ಳಿ.

ಈ ನೀರೂ ಬರೀ ನೀರಲ್ಲ. ಮೂರು ಪದರ ಇದೆ. ಕೆಳಗೆ ಕಣ್ಣಿಗೆ ಅಂಟುವ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವಂತೆ ಈ ಎಣ್ಣೆ ಮೇಲೆ ಹರಡಿ ಕೆಳಗಿನ ನೀರು ಆರದಂತೆ ಕಾಯುತ್ತದೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ, ಕೂದಲ ಸಾಲಿನ ಒಳಗಡೆ ಇರುವ ಸೂಜಿಮೊನೆಯಂತಹ ರಂಧ್ರಗಳಿಂದ. ಹುಡುಗಿಯರೇ, ಬೆಳಗ್ಗೆ 8.20ರ ಲೋಕಲಿನ ಲೇಡೀಸ್ ಡಬ್ಬದಲ್ಲಿ ಒಂದು ಕೈಯಲ್ಲಿ ಮೊಬೈಲಿನ ಕನ್ನಡಿ ಹಿಡಿದು, ಓಲಾಡುವ ಗಾಡಿಯಲ್ಲಿ ರೆಪ್ಪೆಯ ಒಳಅಂಚಿಗೆ ಕಾಡಿಗೆ ಎಳೆಯುತ್ತೀರಲ್ಲ, ಆ ಚಾಕಚಕ್ಯತೆಗೆ ನಾನು ಬೆರಗಾಗಿದ್ದೇನೆ. ಆದರೆ ಆ ಕಾಡಿಗೆ ಕೂರುವುದು ಸರಿಯಾಗಿ ಎಣ್ಣೆಯ ಬಾಯಿಗಳ ಮೇಲೆ. ಎಣ್ಣೆ ಕಟ್ಟಿದರೆ ನೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ, ಉರಿದ ಕಣ್ಣು ಇನ್ನಷ್ಟು ನೀರು ಸುರಿಸುತ್ತದೆ. ಒಣಗಿದ ಕಣ್ಣೇ ಹೆಚ್ಚು ನೀರಾಡುವುದು ಎಂಬ ವಿಚಿತ್ರ ಹೀಗೆ. ಹಚ್ಚುವುದೇ ಆದರೆ ಕೂದಲಿನ ಹೊರಗೆ ಹಚ್ಚಿ, ರಾತ್ರಿ ತೊಳೆದು ಮಲಗಿ.

ಹುಡುಗರು ನಗಬೇಡಿ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಎವೆಯಿಕ್ಕದೆ ನೋಡುವುದನ್ನು ನಮ್ಮ ಪುರಾಣಗಳು ದೇವತೆಗಳ ಲಕ್ಷಣ ಎನ್ನುತ್ತವೆ. ಆಫೀಸಿನ ಏಸಿಯ ಕೆಳಗೆ ಕಂಪ್ಯೂಟರ್ ಮುಂದೆ ಕೂತ ಮನುಷ್ಯರಿಗೆ ಅದು ಹೇಳಿದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಎಂದು ಡಾಕ್ಟರರು ಹೇಳುತ್ತಾರೆ. ನಮ್ಮ ಮುಂಬಯಿಯ ಮನೆಗಳಲ್ಲಿ ಇಪ್ಪತ್ತು ಅಡಿ ಎಲ್ಲಿಂದ ತರುವುದು? ಕಿಟಕಿಯಾಚೆಯ ಎದುರು ಕಟ್ಟಡದ ಒಣಗು ಬಟ್ಟೆಗಳನ್ನಾದರೂ ನೋಡಿ.

ಈ ನೀರಿಗೆ ಇನ್ನೊಂದು ಶಕ್ತಿಯಿದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು, 1922ರಲ್ಲಿ, ಲೈಸೋಜೈಮ್ ಎಂಬ ವಸ್ತುವಿನ ಬಗ್ಗೆ ಪ್ರಕಟಿಸಿದ. ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕರಗಿಸುವ ಇದು ನಮ್ಮ ಕಣ್ಣೀರಿನಲ್ಲಿ ಧಾರಾಳವಾಗಿದೆ. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ, ಅದಕ್ಕಾಗಿ ಆತ ತನ್ನ ಜೊತೆಯವರ ಕಣ್ಣಿಗೆ ನಿಂಬೆಹುಳಿ ಹಿಂಡಿ ಅಳಿಸಿದನಂತೆ! ಮಳೆಗಾಲದಲ್ಲಿ ಊರಿಗೆಲ್ಲ ಹರಡುವ ಕೆಂಗಣ್ಣು ಮಾತ್ರ ಹೆಚ್ಚಾಗಿ ವೈರಸ್ಸಿನದು, ಅದರ ಮುಂದೆ ಈ ಲೈಸೋಜೈಮಿನ ಆಟ ನಡೆಯುವುದಿಲ್ಲ. 2023ರ ಜುಲೈ, ಆಗಸ್ಟಿನಲ್ಲಿ ಮಹಾರಾಷ್ಟ್ರ ಕರ್ನಾಟಕ ಎರಡೂ ಕಡೆ ಅದು ಹಬ್ಬಿದ್ದನ್ನು ನೀವೇ ನೋಡಿದ್ದೀರಿ. ಆಗ ಬೇಕಾದ್ದು ಬೇರೆ ಟವೆಲು, ತೊಳೆದ ಕೈ, ಮತ್ತು ಡಾಕ್ಟರರನ್ನು ಕೇಳದೆ ಮೆಡಿಕಲ್ ಅಂಗಡಿಯಿಂದ ಸ್ಟಿರಾಯ್ಡ್ ಡ್ರಾಪ್ಸ್ ತಾರದ ವಿವೇಕ.

ಕೆಲಸ ಮುಗಿಸಿದ ನೀರು ಎಲ್ಲಿಗೆ ಹೋಗಬೇಕು? ಮೂಗಿನ ಹತ್ತಿರ, ಮೇಲಿನ ಮತ್ತು ಕೆಳಗಿನ ರೆಪ್ಪೆಯ ಅಂಚಿನಲ್ಲಿ ಒಂದೊಂದು ಚುಕ್ಕೆಯಂತಹ ತೂತು ಇದೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಕನ್ನಡಿಯಲ್ಲಿ ನೋಡಿದರೆ ಕಾಣುತ್ತದೆ. ರೆಪ್ಪೆ ಮುಚ್ಚುವಾಗ ಹೊರಗಿನ ತುದಿಯಿಂದ ಒಳಗಿನ ತುದಿಗೆ ಜಿಪ್ ಎಳೆದಂತೆ ಮುಚ್ಚುತ್ತಾ ನೀರನ್ನು ಇತ್ತ ತಳ್ಳುತ್ತದೆ. ತೂತುಗಳಿಂದ ಎರಡು ಸಣ್ಣ ಓಣಿಗಳು, ಓಣಿಗಳಿಂದ ಮೂಗಿನ ಪಕ್ಕದ ಎಲುಬಿನ ತಗ್ಗಿನಲ್ಲಿರುವ ಒಂದು ಚೀಲ, ಚೀಲದಿಂದ ಎಲುಬಿನೊಳಗೇ ಇಳಿಯುವ ಒಂದು ಕೊಳವೆ. ಅದು ತೆರೆಯುವುದು ಮೂಗಿನೊಳಗೆ. ಅತ್ತಾಗ ಮೂಗು ಸೋರುವುದು ಇದಕ್ಕೇ. ಕಣ್ಣಿಗೆ ಡ್ರಾಪ್ಸ್ ಬಿಟ್ಟಾಗ ಗಂಟಲು ಕಹಿಯಾಗುವುದೂ ಇದಕ್ಕೇ. ಡ್ರಾಪ್ಸ್ ಬಿಟ್ಟ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧ ಮೋರಿಗೆ ಹೋಗದೆ ಕಣ್ಣಿನಲ್ಲೇ ನಿಲ್ಲುತ್ತದೆ.

ಈ ಕೊಳವೆಯ ಕೊನೆಯಲ್ಲಿ ಕೆಲವು ಎಳೆಮಕ್ಕಳಿಗೆ ತೆಳ್ಳನೆಯ ಪೊರೆ ಹಾಗೇ ಉಳಿದಿರುತ್ತದೆ. ಕಣ್ಣು ನೀರಾಡುತ್ತದೆ, ಬೆಳಗ್ಗೆ ಪಿಸುರು ಕಟ್ಟುತ್ತದೆ. ಅಜ್ಜಿಯಂದಿರು ಎದೆಹಾಲು ಬಿಡು, ನಂದಿಬಟ್ಟಲಿನ ರಸ ಬಿಡು, ಕಾಡಿಗೆ ಹಚ್ಚು ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಆದರೆ ಕೇಳಬೇಡಿ. ಡಾಕ್ಟರು ತೋರಿಸಿಕೊಡುವಂತೆ ಮೂಗಿನ ಪಕ್ಕ ಬೆರಳಿಟ್ಟು ಕೆಳಮುಖವಾಗಿ ದಿನಕ್ಕೆ ಕೆಲವು ಸಲ ಒತ್ತಿದರೆ ಹೆಚ್ಚಿನ ಮಕ್ಕಳಿಗೆ ವರ್ಷ ತುಂಬುವುದರೊಳಗೆ ದಾರಿ ತೆರೆಯುತ್ತದೆ. ನಿಮ್ಮಲ್ಲಿ ಹೊಸದಾಗಿ ತಾಯಿ ತಂದೆ ಆದವರಿಗೆ ಈ ಮಾತು.

ನಡುವಯಸ್ಸಿನ ಹೆಂಗಸರಲ್ಲೂ ಈ ಕೊಳವೆ ಮುಚ್ಚುವುದುಂಟು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಎಲುಬಿನ ಆ ನಾಲೆಯೇ ನಮ್ಮಲ್ಲಿ ಕಿರಿದು. ಅತ್ತೆಗೆ ಆದದ್ದು ಇದೇ. ಹನ್ನೆರಡು ವರ್ಷ ಒಬ್ಬ ಡಾಕ್ಟರರು ಡ್ರಾಪ್ಸ್ ಬರೆದುಕೊಟ್ಟರು, ನಾವೂ ತಂದು ಬಿಟ್ಟೆವು. ನಾವಾದರೂ ಕೇಳಬೇಕಿತ್ತು, ಒಂದೇ ಕಣ್ಣು ಯಾಕೆ ಅಳುತ್ತದೆ ಎಂದು. ದುಃಖವಾದರೆ ಎರಡೂ ಕಣ್ಣು ಅಳಬೇಕಲ್ಲವೇ? 2003ರ ಕೊನೆಯಲ್ಲಿ ಮೂಗಿನ ಪಕ್ಕ ಕೆಂಪಾಗಿ ಬಾತು, ಮುಟ್ಟಿದರೆ ಚೀರುವಷ್ಟು ನೋವಾಯಿತು. ನಿಂತ ನೀರು ಚೀಲದಲ್ಲಿ ಕೊಳೆತು ಕೀವಾಗಿತ್ತು. ಅದು ಇಳಿದ ಮೇಲೆ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಳರೆಪ್ಪೆಯ ತೂತಿನಿಂದ ಸಿರಿಂಜಿನಲ್ಲಿ ಉಪ್ಪುನೀರು ಬಿಟ್ಟು ಪರೀಕ್ಷಿಸಿದರು. "ಗಂಟಲಿಗೆ ಉಪ್ಪು ಬಂತೇ ಅಮ್ಮಾ?" ಎಂದರು. ಬರಲಿಲ್ಲ. ಬಿಟ್ಟ ನೀರು ಮೇಲಿನ ರೆಪ್ಪೆಯ ತೂತಿನಿಂದ ವಾಪಸು ಉಕ್ಕಿತು. ಇಷ್ಟೇ ಪರೀಕ್ಷೆ. ಹನ್ನೆರಡು ವರ್ಷದ ಗುಟ್ಟು ಎರಡು ನಿಮಿಷದಲ್ಲಿ ಹೊರಬಿತ್ತು.

2004ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೂಗಿನ ಪಕ್ಕದ ತೆಳು ಎಲುಬಿನಲ್ಲಿ ಕಿಂಡಿ ಮಾಡಿ, ಚೀಲವನ್ನು ನೇರವಾಗಿ ಮೂಗಿನ ಒಳಪದರಕ್ಕೆ ಜೋಡಿಸುತ್ತಾರೆ. ಮುಚ್ಚಿದ ಕೊಳವೆಯನ್ನು ಬಿಟ್ಟು ನೀರಿಗೆ ಹೊಸ ಬೈಪಾಸ್. ಇಟಲಿಯ ಅಡೇಯೋ ಟೋಟಿ ಎಂಬಾತ ಈ ವಿಧಾನವನ್ನು ಮೊದಲು ವಿವರಿಸಿದ್ದು 1904ರಲ್ಲಿ, ಸರಿಯಾಗಿ ನೂರು ವರ್ಷ ಹಿಂದೆ. ಹೊಲಿಗೆ ಬಿಚ್ಚಿದ ಮೇಲೆ ಅತ್ತೆ ಎಷ್ಟೋ ದಿನ ಅಭ್ಯಾಸಬಲದಿಂದ ಸೆರಗು ಎತ್ತಿ ಒಣಗಣ್ಣನ್ನೇ ಒರೆಸಿಕೊಳ್ಳುತ್ತಿದ್ದರು. 2009ರಲ್ಲಿ ಮಾವ ಹೋದಾಗ ಎರಡೂ ಕಣ್ಣಿನಿಂದ ಅತ್ತರು.

ನಿಮ್ಮ ಮನೆಯಲ್ಲೂ ಒಂದು ಕಣ್ಣು ಸದಾ ನೀರಾಡುವ ಅಮ್ಮನೋ ಅಜ್ಜಿಯೋ ಇದ್ದರೆ 'ವಯಸ್ಸಾಯಿತು' ಎಂದು ಬಿಡಬೇಡಿ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಡಾಕ್ಟರರು ಮೊದಲು ಈ ಚೀಲ ಶುದ್ಧವಾಗಿದೆಯೇ ಎಂದು ನೋಡುತ್ತಾರೆ, ಇಲ್ಲದಿದ್ದರೆ ಅಲ್ಲಿನ ಕೀವು ಕಣ್ಣೊಳಗೆ ಸೇರುವ ಅಪಾಯ.

ಈಗ ಆ ಕಿಟಕಿಗೆ, ಕಾರ್ನಿಯಾಕ್ಕೆ ವಾಪಸು ಬರೋಣ. ಅಗಲ 11-12 ಮಿಲಿಮೀಟರು, ನಡುವೆ ದಪ್ಪ ಅರ್ಧ ಮಿಲಿಮೀಟರಿನಷ್ಟು. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಕಿಟಕಿ ಸ್ವಚ್ಛವಾಗಿರಬೇಕೆಂದು ಇದರೊಳಗೆ ಒಂದೇ ಒಂದು ರಕ್ತನಾಳವೂ ಇಲ್ಲ. ಹಾಗಾದರೆ ಬದುಕುವುದು ಹೇಗೆ? ಮುಂದಿನಿಂದ ಕಣ್ಣೀರಿನಲ್ಲಿ ಕರಗಿದ ಗಾಳಿಯ ಆಮ್ಲಜನಕ, ಹಿಂದಿನಿಂದ ಕಣ್ಣೊಳಗಿನ ತಿಳಿನೀರು. ಅತ್ತರೂ ಅಳದಿದ್ದರೂ ಈ ಗಾಜು ಉಸಿರಾಡುವುದು ಕಣ್ಣೀರಿನ ಮೂಲಕ. ರಕ್ತದ ಸಂಪರ್ಕ ಇಲ್ಲದ್ದರಿಂದ ಇನ್ನೊಂದು ಲಾಭ. ಒಬ್ಬರ ಕಾರ್ನಿಯಾವನ್ನು ಇನ್ನೊಬ್ಬರಿಗೆ ಕೂಡಿಸಿದರೆ ದೇಹ ಬೇರೆ ಅಂಗಗಳಷ್ಟು ಸುಲಭವಾಗಿ ತಿರಸ್ಕರಿಸುವುದಿಲ್ಲ. ಎಡುವರ್ಡ್ ಜಿರ್ಮ್ ಎಂಬ ವೈದ್ಯ 1905ರಲ್ಲೇ ಮನುಷ್ಯನಿಂದ ಮನುಷ್ಯನಿಗೆ ಕಾರ್ನಿಯಾ ಕಸಿ ಮಾಡಿ ಗೆದ್ದ. ಮೂತ್ರಪಿಂಡದ ಕಸಿ ಗೆದ್ದದ್ದು ಅದಾಗಿ ಸುಮಾರು ಅರ್ಧ ಶತಮಾನದ ಮೇಲೆ.

ಕಣ್ಣು ಕೊಡುವ ಕಥೆ ಕನ್ನಡಿಗರಿಗೆ ಹೊಸದಲ್ಲ. ಶಿವಲಿಂಗದ ಕಣ್ಣಲ್ಲಿ ರಕ್ತ ಕಂಡು ತನ್ನ ಕಣ್ಣು ಕಿತ್ತು ಇಟ್ಟ ಬೇಡ ಕಣ್ಣಪ್ಪ. ಎರಡನೆಯದನ್ನೂ ಕೀಳುವ ಮೊದಲು, ಮತ್ತೆ ಜಾಗ ಕಾಣದಲ್ಲ ಎಂದು ಗುರುತಿಗೆ ಕಾಲಿನ ಹೆಬ್ಬೆರಳನ್ನು ಇಟ್ಟನಂತೆ. 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಆ ಪಾತ್ರ ಮಾಡಿ ನಾಯಕರಾದವರು ಡಾ. ರಾಜಕುಮಾರ್. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ನಿಜವಾಗಿಯೇ ದಾನ ಮಾಡಲಾಯಿತು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳನ್ನೂ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ನೀವೆಲ್ಲ ದೊಡ್ಡವರಾಗಿದ್ದಿರಿ, ನೆನಪಿರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು ಅವರ ಎರಡು ಕಾರ್ನಿಯಾಗಳಿಂದ ನಾಲ್ಕು ಜನ ಯುವಕರಿಗೆ ದೃಷ್ಟಿ ಕೊಟ್ಟರು. ಎರಡರಿಂದ ನಾಲ್ಕು ಹೇಗೆ? ಆ ಅರ್ಧ ಮಿಲಿಮೀಟರಿನಲ್ಲೂ ಪದರಗಳಿವೆ ನೋಡಿ. ಮೇಲಿನ ಪದರ ಹಾಳಾದವರಿಗೆ ಮುಂಭಾಗ, ಒಳಪದರ ಹಾಳಾದವರಿಗೆ ಹಿಂಭಾಗ. ನೀರುದೋಸೆಯಷ್ಟು ತೆಳುವಾದದ್ದನ್ನು ಬಿಡಿಸಿ ಎರಡು ಮಾಡುವ ಕೈಚಳಕ ಅದು. ಒಳಪದರದ ಜೀವಕೋಶಗಳು ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ, ಹೋದರೆ ಹೋದಂತೆಯೇ. ಅಂಥವರಿಗೆ ಇನ್ನೊಬ್ಬರು ಕೊಟ್ಟದ್ದೇ ಗತಿ.

ನನ್ನ ಮಗಳು ಇದನ್ನೆಲ್ಲ ಆಗ ಮೊಬೈಲಿನಲ್ಲಿ ಓದಿ ಅಜ್ಜಿಗೆ ಹೇಳಿದ್ದಳು. ಅಜ್ಜಿ ರಾಜಕುಮಾರರ ಅಭಿಮಾನಿ. "ನನ್ನ ಕಣ್ಣು ಯಾರಿಗೆ ಬೇಕು, ಒಂದು ಮೊದಲೇ ಸೋರುತ್ತಿತ್ತು" ಎಂದು ನಕ್ಕರೂ, "ಆಗುವುದಾದರೆ ಕೊಡಿ" ಎಂದೂ ಹೇಳಿದ್ದರು. ಫಾರಂ ತುಂಬಿರಲಿಲ್ಲ.

2022ರ ಜುಲೈಯ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ಅತ್ತೆ ಮನೆಯಲ್ಲೇ ಹೋದರು. ಹೊರಗೆ ಮಳೆ. ಹತ್ತಿರದ ಡಾಕ್ಟರರು ಬಂದು ನೋಡಿ ಸರ್ಟಿಫಿಕೇಟ್ ಬರೆಯುತ್ತಿದ್ದರು, ನಾವೆಲ್ಲ ಅಳುತ್ತಿದ್ದೆವು. ಮಗಳು ಎದ್ದು ಹೋಗಿ ಫ್ಯಾನ್ ಆರಿಸಿದಳು. ಅಜ್ಜಿಯ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟಳು. ಅವಳು ಯಾಕೆ ಹಾಗೆ ಮಾಡಿದಳೆಂದು ಒಂದು ಕ್ಷಣ ನನಗೂ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ಗ್ರಂಥಿ ನಿಂತಿತು, ರೆಪ್ಪೆ ನಿಂತಿತು, ಇನ್ನು ಆ ಗಾಜನ್ನು ಒದ್ದೆಯಾಗಿಡುವವರು ಯಾರೂ ಇಲ್ಲ. ಫ್ಯಾನಿನ ಗಾಳಿಗೆ ಅದು ಒಣಗಿಬಿಡುತ್ತದೆ. ಸುಮಾರು ಆರು ಗಂಟೆಯೊಳಗೆ ತೆಗೆದರೆ ಉಪಯೋಗ.

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಒಪ್ಪಲಿಲ್ಲ. "ಅಮ್ಮನ ಮುಖ ಹಾಳು ಮಾಡಿ ಕಳಿಸುವುದೇ? ಮುಂದಿನ ಜನ್ಮದಲ್ಲಿ ಕುರುಡಿಯಾದರೆ?" ಎಂದರು. ಅವರನ್ನು ನಾನು ದೂರುವುದಿಲ್ಲ. ಹಿರಿಯ ಮಗ, ಬೆಳಗ್ಗೆ ಚಿತೆಗೆ ಬೆಂಕಿ ಇಡಬೇಕಾದವರು, ಅವರ ಮನಸ್ಸಿನಲ್ಲಿ ಇದ್ದದ್ದು ಖಾಲಿ ಗುಳಿಯ ಚಿತ್ರ. ಮಗಳು ಫೋನಿನಲ್ಲಿ ಐ ಬ್ಯಾಂಕಿನವರನ್ನು ಕೇಳಿಯೇ ಅವರ ಹತ್ತಿರ ಕೂತಳು. "ದೊಡ್ಡಪ್ಪ, ಕಣ್ಣುಗುಡ್ಡೆ ತೆಗೆಯುವುದಿಲ್ಲವಂತೆ. ನಿಮ್ಮ ಎಚ್ಎಂಟಿ ವಾಚಿನ ಗ್ಲಾಸ್ ಮಾತ್ರ ತೆಗೆದ ಹಾಗೆ. ಮುಳ್ಳು, ಡಯಲ್ಲು ಎಲ್ಲ ಅಲ್ಲೇ ಇರುತ್ತದೆ. ಮೇಲೆ ಅವರೇ ಒಂದು ಪಾರದರ್ಶಕ ಮುಚ್ಚಳ ಇಟ್ಟು ರೆಪ್ಪೆ ಮುಚ್ಚುತ್ತಾರೆ" ಎಂದಳು. ಅವಳ ಕನ್ನಡ ಅಷ್ಟೇನೂ ಸರಿಯಿಲ್ಲ, ನಡುನಡುವೆ ಹಿಂದಿ, ಮರಾಠಿ. ಆದರೆ ಆ ರಾತ್ರಿ ನಿಧಾನವಾಗಿ ಕನ್ನಡದಲ್ಲೇ ಹೇಳಿದಳು. ಜನ್ಮಾಂತರದ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರಲಿಲ್ಲ. ಕಣ್ಣಪ್ಪ ಏನಾದ ಎಂದು ನಾನು ಕೇಳಿದೆ. ಭಾವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಫಾರಂ ಕೊಡು ಎಂದರು.

ಆ ಮಳೆಯಲ್ಲೂ ಎರಡೂವರೆ ಗಂಟೆಯಲ್ಲಿ ಇಬ್ಬರು ಬಂದರು. ಮನೆಯವರ ಸಹಿ, ಇಬ್ಬರು ಸಾಕ್ಷಿ, ಡಾಕ್ಟರರ ಸರ್ಟಿಫಿಕೇಟಿನ ಪ್ರತಿ, ಪರೀಕ್ಷೆಗೆ ಸ್ವಲ್ಪ ರಕ್ತ. ಕೋಣೆಯ ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಒಳಗೆ ಹೋಗಿ ಮೊದಲು ನೋಡಿದವರು ಭಾವನೇ. ನಿದ್ದೆ ಮಾಡಿದ ಹಾಗೆ ಇದ್ದಾರೆ ಎಂದು ಹೊರಗೆ ಬಂದು ತಾವಾಗಿಯೇ ಹೇಳಿದರು.

ಫಾರಂ ಮೊದಲೇ ತುಂಬಿಲ್ಲದಿದ್ದರೂ ಮನೆಯವರು ಒಪ್ಪಿದರೆ ಸಾಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ತುಂಬಿದ್ದರೂ ಆ ಹೊತ್ತಿನಲ್ಲಿ ಯಾರೂ ಫೋನ್ ಮಾಡದಿದ್ದರೆ ಏನೂ ನಡೆಯುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಕನ್ನಡಕ, ಪೊರೆಯ ಆಪರೇಷನ್ ಆದದ್ದು, ಇದಾವುದೂ ಅಡ್ಡಿಯಲ್ಲ. ಎಚ್ಐವಿ, ಕಾಮಾಲೆ ತರುವ ಹೆಪಟೈಟಿಸ್ ಬಿ ಮತ್ತು ಸಿ, ರೇಬಿಸ್‌ನಂಥ ಸೋಂಕುಗಳಿದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ. ಹಣದ ವ್ಯವಹಾರ ಇಲ್ಲ, ಯಾರಿಗೆ ಕೊಟ್ಟರು ಎಂದು ತಿಳಿಸುವುದೂ ಇಲ್ಲ. ನಿಮ್ಮ ಬಡಾವಣೆಗೆ ಹತ್ತಿರದ ಐ ಬ್ಯಾಂಕ್ ಯಾವುದು ಎಂದು ಇಂದೇ ವಿಚಾರಿಸಿ, ನಂಬರನ್ನು ಒಮ್ಮೆ ಕರೆ ಮಾಡಿ ಖಚಿತಪಡಿಸಿಕೊಂಡು ಇಟ್ಟುಕೊಳ್ಳಿ. ಆ ಹೊತ್ತಿಗೆ ನಮ್ಮಂಥವರು ಅಳುತ್ತಿರುತ್ತೇವೆ. ಫೋನ್ ಮಾಡಬೇಕಾದವರು ನೀವೇ.

ಕೆಲವು ದಿನಗಳ ಮೇಲೆ ಅವರಿಂದ ಪತ್ರ ಬಂತು. ಒಂದು ಕಾರ್ನಿಯಾ ಕಸಿಗೆ ಉಪಯೋಗವಾಯಿತು, ಇನ್ನೊಂದು ಅಧ್ಯಯನಕ್ಕೆ ಹೋಯಿತು ಎಂದಿತ್ತು. ಯಾವುದು ಎಡ, ಯಾವುದು ಬಲ ಎಂದು ಬರೆದಿರಲಿಲ್ಲ. ನಾವೂ ಕೇಳಲಿಲ್ಲ, ಆದರೆ ಕಸಿಗೆ ಹೋದದ್ದು ಎಡಗಣ್ಣಿನದೇ ಎಂದು ನಾನು ತೀರ್ಮಾನಿಸಿಕೊಂಡಿದ್ದೇನೆ.

ಹದಿಮೂರನೆಯ ದಿನದ ಊಟ ಮುಗಿಸಿ ಹೊರಡುವಾಗ ಭಾವ ಮಗಳನ್ನು ಕರೆದು ತಮ್ಮ ಮೊಬೈಲನ್ನು ಕೊಟ್ಟರು. "ಆ ನಂಬರು ಇದರಲ್ಲಿ ಹಾಕಿಕೊಡು. ಹೆಸರು ಕನ್ನಡದಲ್ಲಿ ಬರೆ, ನನಗೆ ಇಂಗ್ಲಿಷ್ ಅಕ್ಷರ ಸಣ್ಣಗೆ ಕಾಣುತ್ತದೆ" ಎಂದರು. ಅವಳು ತುಂಬಾ ಹೊತ್ತು ಒತ್ತಿ ಒತ್ತಿ 'ಕಣಿನ ಬ್ಯಾಂಕ್' ಎಂದು ಬರೆದಳು. ಭಾವ ಕನ್ನಡಕ ಸರಿಮಾಡಿಕೊಂಡು ನೋಡಿ, "ಣಕ್ಕೆ ಒತ್ತು ಬೇಕು ಮಗಾ" ಎಂದರು.